ರೈಟ್ ಅಂದ್ರೆ ಯಾವ ಕಡೆ?

"ಎಡಗಡೆ ಚರಂಡಿಗೆ ಇಳಿದ ಕಾರಿಗೆ ಬಲಗಡೆ ಪೆಟ್ಟು ಹೇಗೆ ಬಿತ್ತು ಸಾರ್?"

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಇನ್ಶೂರೆನ್ಸ್ ಸರ್ವೇಯರ್ ಕೇಳಿದ ಪ್ರಶ್ನೆ ಇದು. ಕಾರಿಗೆ ಎರಡು ಸುತ್ತು ಬಂದು, ನನ್ನ ಮುಖ ಒಮ್ಮೆ ನೋಡಿ ಕೇಳಿದರು. "ಸುಮಾರು ಜನ ಸಹಾಯ ಮಾಡಿದ್ರು ಸಾರ್, ಅದಕ್ಕೆ" ಅಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಆಗಿದ್ದು ಇಷ್ಟು. ಭಾನುವಾರ ಬೆಂಗಳೂರಿನಿಂದ ಊರಿಗೆ ಹೊರಟಿದ್ದೆವು. ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವ ಲೆಕ್ಕ. ಬಣಕಲ್ ಹತ್ತಿರ ಎದುರಿಗೆ ಲಾರಿ ಬಂತು. ಜಾಗ ಕೊಡೋಣ ಅಂತ ಸ್ವಲ್ಪ ಎಡಕ್ಕೆ ತಗೊಂಡೆ. ಮಳೆಗೆ ನೆನೆದಿದ್ದ ಮಣ್ಣು ಇನ್ನೂ ಸ್ವಲ್ಪ ಎಡಕ್ಕೆ ತಗೊಂಡಿತು. ಎರಡು ಚಕ್ರ ಚರಂಡಿಯಲ್ಲಿ, ಎರಡು ರಸ್ತೆಯಲ್ಲಿ. ಯಾರಿಗೂ ಏನೂ ಆಗಲಿಲ್ಲ, ಹೆಂಡತಿ ಮಡಿಲಲ್ಲಿದ್ದ ಚಕ್ಕುಲಿ ಡಬ್ಬಿಯೊಂದನ್ನು ಬಿಟ್ಟು.

ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಹತ್ತಿರದ ಲ್ಯಾಂಡ್‌ಮಾರ್ಕ್ ಕೇಳಿದರು. ಹಲಸಿನ ಮರ ಅಂದೆ. ಮೂರು ಗಂಟೆ ಆಗುತ್ತೆ ಅಂದರು. ಅಪಘಾತವಾದ ಕಾರನ್ನು ಗ್ಯಾರೇಜಿಗೆ ಎಳೆಸೋಕೆ ನಮ್ಮ ಮಾಮೂಲಿ ಪಾಲಿಸಿ ಕೊಡೋದು 1,500 ರೂಪಾಯಿ. ಆ ದುಡ್ಡಿಗೆ ಟೋ ಗಾಡಿಯವನು ಹಾಸನದಿಂದ ಹೊರಟು ಬೇಲೂರಿನಲ್ಲಿ ಕಾಫಿ ಕುಡಿದು ವಾಪಸ್ ಹೋದಾನು.

ಅಲ್ಲಿಯವರೆಗೆ ಆ ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಫೋನ್ ಕೆಳಗಿಟ್ಟು ನೋಡ್ತೀನಿ, ಹನ್ನೊಂದು ಜನ! ಕಾಫಿ ಗಿಡಗಳ ಮಧ್ಯದಿಂದ ಎದ್ದು ಬಂದರೋ ಏನೋ.

"ಎಂತ ಆಯ್ತು ಮಾರಾಯ್ರೆ?"

ಕಾರು ನಲವತ್ತು ಡಿಗ್ರಿ ವಾಲಿದೆ. ಎಂತ ಆಯ್ತು ಅಂತ ಹೇಳಲಿ? ಎರಡನೇ ಮಾತು ಅದಕ್ಕಿಂತ ಗ್ಯಾರಂಟಿ: "ಕೀ ಕೊಡಿ ಇಲ್ಲಿ. ನಾನು ತೆಗೀತೀನಿ."

ಮೊದಲು ಪಿಕಪ್ ಓಡಿಸುವ ಹುಡುಗ ಕೂತ. ಸೀಟು ಹಿಂದಕ್ಕೆ ತಳ್ಳಿದ, ಕನ್ನಡಿ ಮೇಲಕ್ಕೆ ತಿರುಗಿಸಿದ, ರೇಡಿಯೋ ಹಾಕಿದ. ಚಕ್ರ ಗಿರ್ರನೆ ತಿರುಗಿ ಇನ್ನೊಂದು ಗೇಣು ಒಳಗೆ ಹೋಯಿತು. ಆಮೇಲೆ ಟ್ರ್ಯಾಕ್ಟರಿನವರು. ಸೀಟು ಮುಂದೆ, ಕನ್ನಡಿ ಕೆಳಗೆ. ಚಕ್ರದಡಿಗೆ ಗೋಣಿಚೀಲ ಹಾಕಿ ಅಂದರು. ಗೋಣಿಚೀಲ ಸಿಗಲಿಲ್ಲ ಅಂತ ನನ್ನ ಹೊಸ ಫ್ಲೋರ್ ಮ್ಯಾಟೇ ಹೋಯಿತು. ಅದು ಹಕ್ಕಿಯ ಹಾಗೆ ಹಾರಿ ಒಬ್ಬರ ಬಿಳಿ ಪಂಚೆಗೆ ಅಂಟಿಕೊಂಡಿತು. ಪಾಪ, ಅವರು ಸಹಾಯಕ್ಕೆ ಬಂದವರೂ ಅಲ್ಲ. ಮದುವೆಗೆ ಹೊರಟವರು.

ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಕೇಸು, ಕೋರ್ಟು ಅಂತ ಸತಾಯಿಸಬಾರದು ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಸೆಕ್ಷನ್ ಸೇರಿಸಿದ್ದಾರೆ. ಒಳ್ಳೆಯದೇ. ಆದರೆ ಗಾಯಗೊಂಡ ಕಾರನ್ನು ನೆರವಿಗೆ ಬಂದವರಿಂದ ಕಾಪಾಡೋಕೆ ಯಾವ ಸೆಕ್ಷನ್ನೂ ಇಲ್ಲ, ಅಲ್ವಾ?

ಕೊನೆಗೆ ಎಸ್ಟೇಟ್ ಜೀಪೊಂದು ಬಂತು. ಡ್ರೈವರ್ ಮಾತೇ ಆಡಲಿಲ್ಲ. ಇಳಿದ, ಕಾರಿನ ಅಡಿಗೆ ಬಗ್ಗಿ ನೋಡಿದ, ಟೂಲ್ ಕಿಟ್ಟಿನ ಕೊಕ್ಕೆ ಕೇಳಿದ. ಬಂಪರಿನಲ್ಲಿದ್ದ ಸಣ್ಣ ಚೌಕದ ಮುಚ್ಚಳ ಕಿತ್ತು ಕೊಕ್ಕೆ ತಿರುಪಿದ. ಆರು ವರ್ಷದಿಂದ ಕಾರು ತೊಳೀತಾ ಇದ್ದೀನಿ, ಆ ಮುಚ್ಚಳ ತೆಗೆಯೋಕೆ ಬರುತ್ತೆ ಅಂತಲೇ ಗೊತ್ತಿರಲಿಲ್ಲ. ಹಗ್ಗ ಬಿಗಿಯಾಯಿತು. ಈ ಸಲ ಸ್ಟೀರಿಂಗಿಗೆ ನಾನೇ ಕೂತೆ. ನನ್ನ ಕಾರು, ಸ್ವಾಮಿ.

ಇಷ್ಟೇ ಆಗಿದ್ದರೆ ಬಲಗಡೆ ಪೆಟ್ಟು ಬೀಳುತ್ತಿರಲಿಲ್ಲ. ಆದರೆ ಕಿಟಕಿ ಪಕ್ಕ ಮಂಕಿಕ್ಯಾಪ್ ಹಾಕಿದ ಯಜಮಾನರೊಬ್ಬರು ನಿಂತಿದ್ದರು. ಎಲ್ಲರಿಗೂ ಆರ್ಡರ್ ಮಾಡುತ್ತಿದ್ದವರು ಅವರೇ. ಜೀಪು ಎಳೆಯಲು ಶುರು ಮಾಡಿದ್ದೇ ಬಾಗಿಲಿಗೆ ಡಬ್ ಡಬ್ ಅಂತ ಎರಡು ಏಟು ಹಾಕಿ, "ರೈಟ್ ರೈಟ್!" ಅಂದರು.

ನಾನು ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ.

"ರೈಟ್ ಸಾರ್, ರೈಟ್!" ಇನ್ನೂ ತಿರುಗಿಸಿದೆ. "ಅಯ್ಯೋ, ರೈಟ್ ಹೋಗ್ರೀ!" ಇದ್ದಬದ್ದದ್ದೆಲ್ಲ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಕಾರು ಚರಂಡಿಯಿಂದ ಒಂದೇ ನೆಗೆತಕ್ಕೆ ಎದ್ದು, ನೇರ ಹೋಗಿ, ತನ್ನನ್ನು ಎತ್ತಿದ ಜೀಪಿನ ಬೆನ್ನಿಗೇ ಗುದ್ದಿತು.

"ಹೋಲ್ಡಾನ್" ಅಂದರು ಯಜಮಾನರು. ಶಾಂತವಾಗಿ.

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಂತೆ. ನಮ್ಮ ಬಸ್ಸುಗಳಲ್ಲಿ ರೈಟ್ ಅಂದ್ರೆ ಹೊರಡು ಅಂತ. ಎಡಕ್ಕೆ ತಿರುಗಬೇಕಿದ್ದರೂ ರೈಟ್. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜಿಗೆ ದಿನಾ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಆ ರೈಟ್ ಕೇಳಿಯೇ ಡಿಗ್ರಿ ಮುಗಿಸಿದವನು. ಸ್ಟೀರಿಂಗ್ ಕೈಗೆ ಬಂದ ಮೇಲೆ ಮರೆತಿದ್ದೆ.

ಜೀಪಿಗೆ ಗೀರೂ ಬೀಳಲಿಲ್ಲ. ನನ್ನ ಬಲಗಡೆ ಹೆಡ್‌ಲೈಟು, ಬಂಪರಿನ ಮೂಲೆ ಎರಡೂ ಹೋದವು. ಐನೂರರ ನೋಟು ಕೊಡಲು ಹೋದರೆ ಡ್ರೈವರ್ ಕೈ ಹಿಂದಕ್ಕೆ ಕಟ್ಟಿಕೊಂಡ. ಆಗ ಮೊದಲ ಸಲ ಬಾಯಿಬಿಟ್ಟ. "ಬ್ಯಾಡ ಸಾರ್. ನಾಳೆ ನಮ್ ಜೀಪು ಬೆಂಗ್ಳೂರಲ್ಲಿ ಕೆಟ್ಟು ನಿಂತ್ರೆ ನೀವು ಬರಲ್ವಾ?"

ಬರ್ತೀನಿ ಅಂದೆ. ಹೋದ ವಾರವಷ್ಟೇ ಫ್ಲೈಓವರ್ ಮೇಲೆ ಬಾನೆಟ್ ತೆಗೆದು ನಿಂತಿದ್ದವನೊಬ್ಬನಿಗೆ ಹಾರ್ನ್ ಹೊಡೆದು ಬಂದಿದ್ದೆ. ಪಕ್ಕದಲ್ಲೇ ಕೂತಿದ್ದ ಹೆಂಡತಿಗೆ ಅದು ನೆನಪಿತ್ತು. ಪುಣ್ಯಕ್ಕೆ ಈಗ ಚಕ್ಕುಲಿ ಚೂರು ಆರಿಸುತ್ತಾ ಸುಮ್ನಿದ್ದಳು. ಹಗ್ಗ ಸುತ್ತಿ ಒಳಗೆಸೆದು ಜೀಪು ಹೊರಟೇಬಿಟ್ಟಿತು. ಹೆಸರು ಕೇಳೋದೂ ಆಗಲಿಲ್ಲ.

ಸರ್ವೇಯರ್ ಇನ್ನೂ ಕಾಯುತ್ತಿದ್ದರು. ಕ್ಲೇಮ್ ಫಾರಂನಲ್ಲಿ ಅಪಘಾತ ಹೇಗಾಯಿತು ಅಂತ ಬರೆಯೋಕೆ ನಾಲ್ಕು ಗೆರೆ ಜಾಗ ಬಿಟ್ಟಿದ್ದಾರೆ. ಒಂದು ಗೆರೆ ಬರೆದು ಕೊಟ್ಟೆ. ಓದಿ, ತಲೆಯೆತ್ತಿ, "ರೈಟಾ ಸಾರ್?" ಅಂದರು.

ಹೋಗಿ ಅಂತಲೋ, ಸರೀನಾ ಅಂತಲೋ ಗೊತ್ತಾಗಲಿಲ್ಲ. ಸುಮ್ನೆ ತಲೆಯಾಡಿಸಿದೆ.