ಸಾರ್, ಸ್ಟ್ಯಾಂಡು!

ಊರಲ್ಲಿ ಬೈಕ್ ಓಡಿಸಿದವರಿಗೆಲ್ಲ ಈ ಕೂಗು ಗೊತ್ತು. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟರೆ ಸಾಕು, ಬಸ್ಸಿನ ಕಿಟಕಿಯಿಂದಲೋ ಅಂಗಡಿ ಕಟ್ಟೆಯಿಂದಲೋ ಯಾರಾದರೂ ಕಿರುಚುತ್ತಾರೆ. ಹಗಲಲ್ಲಿ ಹೆಡ್‌ಲೈಟ್ ಉರಿಯುತ್ತಿದ್ದರೆ ಎದುರಿನವರು ಬೆರಳು ಮುಚ್ಚಿ ತೆರೆದು ಸನ್ನೆ ಮಾಡುತ್ತಾರೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಲೈಟ್ ಆರಿಸಲು ಬರುವುದೇ ಇಲ್ಲ. ಆದರೂ ಸನ್ನೆ ನಿಂತಿಲ್ಲ. ನಾನೀಗ ಇರುವ ನಾರ್ವೆಯಲ್ಲಿ ಹಗಲೂ ಲೈಟ್ ಹಾಕಿಕೊಂಡೇ ಓಡಿಸಬೇಕು ಅನ್ನೋದು ಕಾನೂನು. ಸ್ಟ್ಯಾಂಡಿನ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ.

ಹೋದ ವರ್ಷ ಜೂನ್‌ನಲ್ಲಿ ಆಸ್ಲೋದಿಂದ ಉತ್ತರದ ತುದಿ ನಾರ್ಡ್‌ಕಾಪ್‌ಗೆ ಬೈಕಿಗೆ ಟೆಂಟ್ ಕಟ್ಟಿಕೊಂಡು ಒಬ್ಬನೇ ಹೊರಟೆ. ಹೋಗೋಕೇ ಸುಮಾರು 2,000 ಕಿಲೋಮೀಟರ್. ಫೋನಿನಲ್ಲಿ ಅಮ್ಮ, "ಒಬ್ಬನೇ ಯಾಕೋ ಹೋಗ್ತೀಯಾ, ಯಾರೂ ಸಿಗ್ಲಿಲ್ವಾ?" ಅಂದರು. ನಮ್ಮಲ್ಲಿ ಒಬ್ಬನೇ ಹೋಗುವುದು ಅಂದರೆ ಜೊತೆಗೆ ಯಾರೂ ಸಿಗದೆ ಹೋಗುವುದು. ಆಫೀಸಿನಲ್ಲಿ ಪಕ್ಕದ ಮೇಜಿನವನು ಕೇಳಿದ್ದು ಬೇರೆ: "ಟೆಂಟ್ ಎಷ್ಟು ತೂಕ?"

ಇಲ್ಲಿ 'ಅಲ್ಲೆಮಾನ್ಸ್‌ರೆಟೆನ್' ಅಂತ ಒಂದಿದೆ. ಎಲ್ಲರ ಹಕ್ಕು ಅಂತ ಅರ್ಥ. ಮೊದಲು ರೂಢಿಯಾಗಿತ್ತು, 1957ರಲ್ಲಿ ಕಾಯ್ದೆಯಾಯಿತು. ಸಾಗುವಳಿ ಇಲ್ಲದ ಕಾಡು, ಬೆಟ್ಟ, ಬಯಲು ಯಾರ ಹೆಸರಲ್ಲೇ ಇರಲಿ, ಟೆಂಟ್ ಹಾಕಬಹುದು. ಜನ ಇರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಎರಡು ರಾತ್ರಿಗಿಂತ ಜಾಸ್ತಿ ಉಳಿಯುವುದಾದರೆ ಸಾಮಾನ್ಯವಾಗಿ ಜಾಗದವರನ್ನು ಕೇಳಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಲ್ಲಿ ಬೆಂಕಿ ಹಾಕುವಂತಿಲ್ಲ. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಆಯಿತು. ಆದರೆ ಈ ಹಕ್ಕು ಕಾಲಿಗೆ, ಎಂಜಿನ್‌ಗಲ್ಲ. ಗಾಡಿ ರಸ್ತೆ ಬಿಟ್ಟು ಇಳಿಯುವಂತಿಲ್ಲ. ದಿನಾ ಸಂಜೆ ಬೈಕನ್ನು ರಸ್ತೆ ಪಕ್ಕ ಬಿಟ್ಟು, ಟೆಂಟು, ಹಾಸಿಗೆ, ಸ್ಟವ್ವು ಅಂತ ಎರಡು ಸಲ ಹೊತ್ತುಕೊಂಡು ಗುಡ್ಡ ಹತ್ತುವುದೇ ಕೆಲಸ.

ಸಂಜೆ ಅಂದೆ, ಅದೂ ಸುಳ್ಳೇ. ಸಾಲ್ಟ್‌ಫ್ಯೆಲ್ ಬೆಟ್ಟದ ಮೇಲೆ ಆರ್ಕ್ಟಿಕ್ ವೃತ್ತ ದಾಟಿದ ದಿನ ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು. ಊರಲ್ಲಾದರೆ ಕತ್ತಲು ಬಂದು 'ಸಾಕು, ನಿಲ್ಲಿಸು' ಅನ್ನುತ್ತದೆ. ಇಲ್ಲಿ ಹೇಳುವವರಿಲ್ಲ, ಸುಸ್ತಾಗಿದ್ದೇ ನನಗೆ ತಿಳಿಯಲಿಲ್ಲ. ಜಲ್ಲಿ ಹಾಕಿದ ಒಂದು ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಸ್ಟ್ಯಾಂಡಿನ ಕೆಳಗೆ ಇಡಲೆಂದೇ ತಂದಿದ್ದ ಹಲಗೆ ಚೂರು ಬ್ಯಾಗಿನ ತಳದಲ್ಲಿತ್ತು. ಯಾರು ತೆಗೀತಾರೆ, ಬಿಡು ಅಂದುಕೊಂಡು ಮಲಗಿಬಿಟ್ಟೆ. ಆಮೇಲೆ ಮಳೆ ಹಿಡಿಯಿತು.

ಬೆಳಿಗ್ಗೆ ಬಂದು ನೋಡಿದರೆ ಸ್ಟ್ಯಾಂಡ್ ಜಲ್ಲಿಯೊಳಗೆ ಇಳಿದು, ಗಾಡಿ ಎಡಕ್ಕೆ ಮಲಗಿತ್ತು. ಉಳಿದ ಲಗೇಜ್ ಬಿಚ್ಚಿದೆ. ಉರುಳದಿರಲಿ ಅಂತ ಗೇರ್ ಹಾಕಿದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ಒತ್ತಬೇಕು. ಸೊಂಟದಿಂದ ಎತ್ತಲು ಹೋದರೆ ಪ್ರವಾಸ ಅಲ್ಲಿಗೇ ಮುಗಿಯುತ್ತದೆ. ಎರಡು ಸಲ ಕಾಲು ಜಾರಿತು. ಮೂರನೇ ಸಲಕ್ಕೆ ಎದ್ದಿತು. ಅಷ್ಟರಲ್ಲಿ ಎರಡು ಕ್ಯಾಂಪರ್ ವ್ಯಾನ್ ಹಾದುಹೋದವು. ಒಬ್ಬರು ಕೈಯನ್ನೂ ಬೀಸಿದರು! ಕೆಟ್ಟವರಲ್ಲ. ಕೇಳದೆ ಮೇಲೆ ಬೀಳಬಾರದು ಅನ್ನೋದು ಇಲ್ಲಿನ ಮರ್ಯಾದೆ, ನಾನೂ ಕೇಳಲಿಲ್ಲ. ನಮ್ಮೂರಲ್ಲಾದರೆ ಗಾಡಿ ನೆಲ ಮುಟ್ಟುವ ಮೊದಲೇ ನಾಲ್ಕು ಜನ ಓಡಿಬರುತ್ತಿದ್ದರು, ಅಲ್ವಾ?

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅದೇ ಟೆಂಟ್ ಒಯ್ದೆ. ಕೊಟ್ಟಿಗೆಹಾರದ ಹತ್ತಿರ ಕತ್ತಲಾಯಿತು. ಕಾಡಿನಂಚಲ್ಲಿ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು, ನನ್ನ ಹತ್ತಿರ ಇರಲಿಲ್ಲ. ಒಂದು ಕಾಫಿ ತೋಟದ ರೈಟರನ್ನು, ಅಂದರೆ ತೋಟದ ಲೆಕ್ಕ ನೋಡಿಕೊಳ್ಳುವವರನ್ನು, ಕೇಳಿದೆ. "ಟೆಂಟ್ ಯಾಕೆ ಸಾರ್, ಆನೆ ಓಡಾಡೋ ಜಾಗ ಇದು. ಜಗಲಿ ಇದೆಯಲ್ಲ, ಮಲ್ಕೊಳ್ಳಿ" ಅಂದರು. ಆಮೇಲೆ ಗಾಡಿ ಎಷ್ಟು ಮೈಲೇಜ್ ಕೊಡುತ್ತೆ, ಮದುವೆ ಆಗಿದೆಯಾ, ಮನೇಲಿ ಗೊತ್ತಾ ಅಂತ ರಾತ್ರಿ ಹತ್ತರವರೆಗೆ ವಿಚಾರಣೆ. ಟೆಂಟ್ ಬಿಚ್ಚಲೇ ಇಲ್ಲ. ನಿದ್ದೆ ಚೆನ್ನಾಗಿ ಬಂತು.

ಇದನ್ನು ಕೇಳಿದ ಗೆಳೆಯರು 'ನೋಡಿದ್ಯಾ, ನಮ್ಮ ಜನ!' ಅನ್ನುತ್ತಾರೆ. ನನಗೆ ಅಷ್ಟು ಸುಲಭ ಅನಿಸುವುದಿಲ್ಲ. ನಾನು ಗಂಡಸು, ಕನ್ನಡ ಬರುತ್ತೆ, ಜಗಲಿ ಸಿಕ್ಕಿತು. ಒಬ್ಬಳೇ ಬೈಕಲ್ಲಿ ಬಂದ ಹುಡುಗಿಗೆ ಅದೇ ಜಗಲಿ ಸಿಗೋ ಮೊದಲು ಎಷ್ಟು ಪ್ರಶ್ನೆ ದಾಟಬೇಕಾಗುತ್ತಿತ್ತು? ಜಗಲಿಗೆ ಹಂಗಿದೆ. ಆ 150 ಮೀಟರಿಗೆ ಹಂಗಿಲ್ಲ.

ಹಾಗಂತ ನಾರ್ವೆಯ ಕಾಯ್ದೆ ನಮಗೂ ಬೇಕು ಅನ್ನುವವರ ಜೊತೆ ನಾನಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡದಿರುವುದು ಸರಿಯಾಗಿಯೇ ಇದೆ. ಆ ಕಾಡು ಮೊದಲು ಆನೆಯದು. ನಾನು ಕೇಳುವುದು ಚಿಕ್ಕದು. ತಾಲ್ಲೂಕಿಗೊಂದು ಕಡೆ, ಕೆರೆ ಏರಿಯ ಹತ್ತಿರವೋ ಪ್ರವಾಸಿ ಮಂದಿರದ ಹಿಂದೆಯೋ, ಒಂದು ರಾತ್ರಿ ಟೆಂಟ್ ಹಾಕಲು ಜಾಗ ಗುರುತು ಮಾಡಿ ಬೋರ್ಡ್ ಹಾಕಲಿ. ಅಲ್ಲಿ ಮಲಗಿದವರನ್ನು ಯಾರೂ ಎಬ್ಬಿಸಿ 'ಯಾರಮ್ಮ ನೀನು, ಒಬ್ಬಳೇ ಯಾಕೆ ಬಂದೆ' ಅಂತ ಕೇಳದಿರಲಿ.

ಇಲ್ಲಿ ಮತ್ತೆ ಚಳಿ ಕಳೆದು ಗಾಡಿ ಹೊರಗೆ ತೆಗೆದಿದ್ದೇನೆ. ಹಲಗೆ ಚೂರು ಈಗ ಟ್ಯಾಂಕ್ ಬ್ಯಾಗಿನಲ್ಲಿ, ಕೈಗೆ ಸಿಗುವ ಹಾಗೆ. ಹೊರಡುವಾಗ ಹೇಳುವವರಿಲ್ಲವಲ್ಲ, ಅದಕ್ಕೆ ಹೆಲ್ಮೆಟ್ಟಿನೊಳಗೆ ನಾನೇ ಜೋರಾಗಿ ಕೂಗಿಕೊಳ್ಳುತ್ತೇನೆ: ಸಾರ್, ಸ್ಟ್ಯಾಂಡು!