ಮೂರು ಎಚ್‌ಪಿ ನಡಿಗೆ

ಸಂಡೂರಿನ ಗುಡ್ಡಗಳನ್ನು ಅಗೆದು ಲಾರಿಗೆ ತುಂಬಿ, ಲಾರಿಯಿಂದ ಹಡಗಿಗೆ ತುಂಬಿ ಕಳಿಸಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟೇ ‘ಇನ್ನು ಸಾಕು’ ಎಂದು ಗಣಿಗಾರಿಕೆಗೆ ತಡೆ ಹಾಕಬೇಕಾಯಿತು ಎಂದರೆ, ಕಬ್ಬಿಣದ ವಿಷಯದಲ್ಲಿ ಬಳ್ಳಾರಿಯ ಹಸಿವು ಎಂಥದ್ದೆಂದು ಯಾರಾದರೂ ಊಹಿಸಬಹುದು. ಇವತ್ತಿಗೂ ತೋರಣಗಲ್ಲಿನ ಕುಲುಮೆಗಳು ಆರಿಲ್ಲ. ಇಂಥ ಊರಿನವರು ತೋಳು ಬೆಳೆಸಬೇಕೆಂದು ಮೊಬೈಲಿನಲ್ಲಿ ತರಿಸಿಕೊಳ್ಳುವ ಅಗ್ಗದ ಹೋಮ್ ಜಿಮ್ ಸೆಟ್ಟಿನ ಬಿಲ್ಲೆಗಳಲ್ಲಿ ಏನಿರುತ್ತದೆ ಗೊತ್ತೆ? ಹೊರಗೆ ಪಿವಿಸಿ ಹೊದಿಕೆ, ಒಳಗೆ ಸಿಮೆಂಟು, ಮರಳು. ಎರಡು ಸಲ ಕೈತಪ್ಪಿ ನೆಲಕ್ಕೆ ಬಿದ್ದರೆ ಬಿರುಕು ಬಿಟ್ಟು ಪುಡಿ ಉದುರುತ್ತದೆ. ಅದಿರನ್ನು ಹೊರಗೆ ಕಳಿಸಿ ಮೀರತ್ತಿನಿಂದಲೋ ಜಲಂಧರಿನಿಂದಲೋ ಸಿಮೆಂಟು ತರಿಸಿ ಎತ್ತುವುದು ನಮ್ಮ ಜಿಲ್ಲೆಯ ಹೊಸ ವ್ಯಾಪಾರ ನೀತಿ.

ಆದರೆ ಡಂಬೆಲ್ಲು ಬಡವರ ವ್ಯಾಧಿ. ಗಾಂಧಿನಗರದ ಮಹಡಿ ಮನೆಗಳಲ್ಲಿ ಹಬ್ಬಿರುವುದು ಟ್ರೆಡ್‌ಮಿಲ್. ಸಕ್ಕರೆ ಕಾಯಿಲೆಯ ಡಾಕ್ಟರು ‘ಸ್ವಲ್ಪ ನಡೆಯಿರಿ’ ಎನ್ನುತ್ತಾರೆ. ನಡೆಯುವುದಕ್ಕೆ ರಸ್ತೆ ಇದೆ, ಮುನಿಸಿಪಲ್ ಮೈದಾನ ಇದೆ, ಬೆಳಗಿನ ಜಾವಕ್ಕೆ ಬಳ್ಳಾರಿ ಗುಡ್ಡವೂ ಇದೆ. ಇವೆಲ್ಲ ಪುಕ್ಕಟೆ ಸಿಗುವುದರಿಂದ ಗಂಭೀರ ವ್ಯಾಯಾಮಕ್ಕೆ ಲಾಯಕ್ಕಲ್ಲ ಎಂದು ನಮ್ಮ ಓಣಿಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ತೀರ್ಮಾನಿಸಿದರು. ಸಾಲ ಕೊಟ್ಟು ಗೊತ್ತಿದ್ದ ಮನುಷ್ಯ, ಕಂತಿನಲ್ಲಿ ಕೊಂಡರು. ಕೊಳ್ಳುವ ಮೊದಲು ನಡೆದ ಅಧ್ಯಯನವನ್ನು ನೋಡಬೇಕಿತ್ತು. ಮೋಟರು ಎಷ್ಟು ಎಚ್‌ಪಿ, ಬೆಲ್ಟಿನ ಅಗಲ ಎಷ್ಟು, ಏರು ಎಷ್ಟು ಡಿಗ್ರಿ, ಸ್ಪೀಕರ್ ಇದೆಯೇ, ನೀರಿನ ಬಾಟಲಿ ಇಡುವ ಗುಣಿ ಒಂದೋ ಎರಡೋ. ದಿನಾ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಮಾತ್ರ ಅವರನ್ನು ಯಾರೂ ಕೇಳಲಿಲ್ಲ.

ಎಚ್‌ಪಿಯ ವಿಷಯಕ್ಕೆ ಬರೋಣ. ಒಂದು ಎಚ್‌ಪಿ ಎಂದರೆ 746 ವಾಟ್. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕುಣಿಯುವುದು ‘ಪೀಕ್’ ಎಚ್‌ಪಿ, ಅಂದರೆ ಮೋಟರು ಒಂದು ಗಳಿಗೆ ಉಸಿರು ಕಟ್ಟಿ ಮುಟ್ಟುವ ಮಟ್ಟ. ದಮ್ಮು ಕಟ್ಟದೆ ಸತತವಾಗಿ ಎಳೆಯಬಲ್ಲ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ, ಅದು ಸಣ್ಣಕ್ಷರದಲ್ಲಿ ಮುದುಡಿ ಕುಳಿತಿರುತ್ತದೆ. ಚುನಾವಣಾ ಪ್ರಣಾಳಿಕೆ ಓದಿ ಪಳಗಿದವರಿಗೆ ಈ ವ್ಯತ್ಯಾಸ ಕಷ್ಟವಾಗಬಾರದು. ಮ್ಯಾನೇಜರರು ಮೂರು ಎಚ್‌ಪಿ ಎಂದು ನಂಬಿ ಕೊಂಡರು. ಕಾಲುವೆಯ ಪಕ್ಕದ ರೈತ ಮೂರು ಎಚ್‌ಪಿಯಲ್ಲಿ ಗದ್ದೆಗೆ ನೀರು ಹಾಯಿಸುತ್ತಾನೆ. ಇವರು ಅದೇ ಮೂರು ಎಚ್‌ಪಿಯಲ್ಲಿ ಪಡಸಾಲೆಯಿಂದ ಪಡಸಾಲೆಗೇ ನಡೆಯುತ್ತಾರೆ. ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು, ತಂತಿಯಲ್ಲಿ ಹರಿಸಿ, ಮೂರನೇ ಮಹಡಿಯಲ್ಲಿ ಒಬ್ಬರ ಹೊಟ್ಟೆಯ ಕೊಬ್ಬು ಸುಡುವ ಈ ಏರ್ಪಾಡನ್ನು ನಾಗರಿಕತೆ ಎನ್ನಬೇಕಂತೆ.

ಯಂತ್ರದ ಜತೆ ಬಂದ ಕೈಪಿಡಿಯಲ್ಲಿ ಇನ್ನೊಂದು ಸಾಲಿದೆ: ಬಳಸುವವರ ತೂಕ ನೂರು ಕೆಜಿ ಮೀರಬಾರದು. ತೂಕ ಇಳಿಸುವ ಯಂತ್ರವನ್ನು ಹತ್ತಬೇಕಾದರೆ ಮೊದಲು ತೂಕ ಇಳಿಸಿಕೊಂಡು ಬನ್ನಿ. ಸಾಲ ಬೇಡದವರಿಗೇ ಸಾಲ ಕೊಡುವ ಸಂಸ್ಥೆಯಲ್ಲಿ ದುಡಿದವರಿಗೆ ಈ ನಿಯಮ ತೀರಾ ಸಹಜವಾಗಿ ಕಂಡಿತು.

ಪೆಟ್ಟಿಗೆ ಬಂದ ದಿನ ಸರಬರಾಜಿನವರು ಕೆಳಗಿನ ಅಂಗಳದಲ್ಲಿ ಇಳಿಸಿ ಹೊರಟರು, ಮಹಡಿಗೆ ಹತ್ತಿಸುವುದು ಒಪ್ಪಂದದಲ್ಲಿ ಇರಲಿಲ್ಲ. ಲಿಫ್ಟಿನೊಳಗೆ ಪೆಟ್ಟಿಗೆ ಹಿಡಿಸಲಿಲ್ಲ, ಮೆಟ್ಟಿಲಿನ ತಿರುವಿನಲ್ಲಿಯೂ ಹಿಡಿಸುವಂತೆ ಕಾಣಲಿಲ್ಲ. ಹೈದರಾಲಿ ನಮ್ಮ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ ಮೇಲೆ, ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರ ಎಂದು ಗೊತ್ತಾಗಿ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಕಥೆ ಬಳ್ಳಾರಿಯ ಮಕ್ಕಳಿಗೂ ಬಾಯಿಪಾಠ. ಅಳತೆ ಪಟ್ಟಿಯನ್ನು ಮಾತ್ರ ನಾವು ಇಂದಿಗೂ ಸಾಮಾನು ಬಂದ ಮೇಲೆಯೇ ಹುಡುಕುತ್ತೇವೆ.

ಕೊನೆಗೆ ಎಪಿಎಂಸಿಯಿಂದ ಮೂವರು ಹಮಾಲರು ಬಂದರು. ನಮ್ಮ ಭಾಗದಲ್ಲಿ ಭತ್ತದ ದರ ಹೇಳುವುದೇ 75 ಕೆಜಿ ಚೀಲದ ಲೆಕ್ಕದಲ್ಲಿ. ಸಿರುಗುಪ್ಪದಿಂದ ಸಿಂಧನೂರು, ಗಂಗಾವತಿಯವರೆಗೆ ಆ ಚೀಲವನ್ನು ಬೆನ್ನಿಗೇರಿಸಿ ಹಲಗೆ ಹತ್ತಿ ಲಾರಿ ತುಂಬುವವರು ಇವರೇ. ಹಿರಿಯವನು ಪೆಟ್ಟಿಗೆಯ ಒಂದು ಮೂಲೆಯನ್ನು ಎತ್ತಿ ನೋಡಿ, “ಒಂದು ಚೀಲ ಭತ್ತದಷ್ಟೂ ಇಲ್ಲವಲ್ಲ ಸಾಹೇಬರೇ, ಇದೇನು?” ಎಂದು ಕೇಳಿದ. ನಡೆಯುವ ಯಂತ್ರ ಎಂದರು ಮ್ಯಾನೇಜರರು. ಅವನು ಸಭ್ಯ, ಮುಂದೆ ಏನೂ ಕೇಳಲಿಲ್ಲ. ಮೂವರೂ ಬೆವರಿಳಿಸಿ, ಎದೆಬಡಿತ ಏರಿಸಿ, ತೊಡೆ ಬೆನ್ನು ಭುಜಗಳಿಗೆಲ್ಲ ಕೆಲಸ ಕೊಟ್ಟು ಮೂರು ಮಹಡಿ ಹತ್ತಿಸಿದರು. ನನಗೆ ತಿಳಿದಂತೆ ಆ ಟ್ರೆಡ್‌ಮಿಲ್‌ನಿಂದ ಯಾರಿಗಾದರೂ ಸರಿಯಾದ ವ್ಯಾಯಾಮ ಸಿಕ್ಕಿದ್ದು ಆ ಮಧ್ಯಾಹ್ನ ಮಾತ್ರ.

ಟ್ರೆಡ್‌ಮಿಲ್ ಕೊನೆಗೆ ಬಟ್ಟೆ ಒಣಗಿಸುವ ಕಂಬಿಯಾಯಿತೆಂಬ ಹಳೆಯ ಹಾಸ್ಯವನ್ನು ನನ್ನಿಂದ ನಿರೀಕ್ಷಿಸಬೇಡಿ. ಬಳ್ಳಾರಿಯ ಬಿಸಿಲಿನಲ್ಲಿ ಬಟ್ಟೆ ಒಣಗಿಸಲು ಯಾರಿಗೂ ಯಂತ್ರ ಬೇಕಿಲ್ಲ. ಮ್ಯಾನೇಜರರು ಅದನ್ನು ನಿಲ್ಲಿಸಿದ್ದು ಹೆಚ್ಚು ಘನವಾದ ಕಾರಣಕ್ಕೆ: ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಸರ್ಕಾರವೇ ನಡೆಯಬೇಡ ಎನ್ನುವಾಗ ಪ್ರಜೆ ಏನು ಮಾಡಬೇಕು? ರಾತ್ರಿಯಿಡೀ ಏಸಿ ಓಡುವುದರ ಬಗ್ಗೆ ಕೇಳಿದೆ. ಅದು ಅವಶ್ಯಕತೆ ಎಂದರು.

ಈ ಯಂತ್ರದ ಮೂಲಪುರುಷನ ಪರಿಚಯವನ್ನೂ ಅವರಿಗೆ ಮಾಡಿಸಿದೆ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಜೈಲಿನ ಕೈದಿಗಳಿಗೆಂದು ತುಳಿಯುವ ಚಕ್ರವೊಂದನ್ನು ರೂಪಿಸಿದ. ದಿನಕ್ಕೆ ಗಂಟೆಗಟ್ಟಲೆ ಹತ್ತಿದರೂ ಎಲ್ಲಿಗೂ ಮುಟ್ಟದ ಮೆಟ್ಟಿಲು ಅದು. ಎಷ್ಟು ಕ್ರೂರವಾಗಿತ್ತೆಂದರೆ, ಕೈದಿಗಳ ಮೇಲೆ ದಯೆಗೆ ಹೆಸರಾಗದ ಬ್ರಿಟಿಷರೂ 1898ರ ಜೈಲು ಕಾಯ್ದೆಯ ನಂತರ ಅದನ್ನು ಕೈಬಿಟ್ಟರು. ಆ ಕೈದಿಗಳು ಕಂತು ಕಟ್ಟಲಿಲ್ಲ ಎಂಬುದನ್ನು ಬಿಟ್ಟರೆ ಉಳಿದ ವಿವರಗಳು ಹೊಂದುತ್ತವೆ. ಜೈಲಿಗೆ ಹೆಸರಾದ ಊರಿನವರು ಇದನ್ನು ಕೇಳಿ ನಗುತ್ತಾರೆಂದು ಎಣಿಸಿದ್ದೆ. ಮ್ಯಾನೇಜರರು ಎರಡು ವರ್ಷದ ವಾರಂಟಿಯ ಬಗ್ಗೆ ಹೇಳಿದರು.

ಟ್ರೆಡ್‌ಮಿಲ್ ಕೊಳ್ಳಲಾಗದವರು ಬೆವರಿನ ಬೆಲ್ಟು ಕೊಳ್ಳುತ್ತಾರೆ. ಸೊಂಟಕ್ಕೆ ಕಟ್ಟಿ ಗುಂಡಿ ಒತ್ತಿದರೆ ಬಿಸಿಯಾಗಿ ಬೆವರಿಳಿಸುತ್ತದೆ, ಇಳಿಯುವ ತೂಕ ಬರೀ ನೀರಿನದು, ಒಂದು ಚೊಂಬು ಕುಡಿದರೆ ಮರಳಿ ಬರುತ್ತದೆ. ಕೊಳ್ಳಲಿ, ಕುಫ್ರಿ ಶಿಮ್ಲಾದವರು ಕೊಳ್ಳಲಿ. ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ, ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು ನೆತ್ತಿಯಿಂದ ಹಿಮ್ಮಡಿಯವರೆಗೆ ಹರಿಯುವ ಸರಕಿಗೆ ದುಡ್ಡು ಕೊಡುವವರನ್ನು ಏನೆಂದು ಕರೆಯುವುದು? ಇನ್ನು ಅಂಜನಾದ್ರಿಯ 575 ಮೆಟ್ಟಿಲನ್ನು ಹರಕೆಗೆಂದು ಏರಿ ಬಂದು, ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತೆಂದು ಸಂಘದ ತುರ್ತು ಸಭೆ ಕರೆಯುವವರಿದ್ದಾರೆ. ಅವರ ಮನೆಯಲ್ಲಿ ಸ್ಟೆಪ್ಪರ್ ಎಂಬ ಯಂತ್ರವಿದೆ. ಅದು ಮನೆಯೊಳಗೇ ಮೆಟ್ಟಿಲು ಹತ್ತಿದ ಅನುಭವ ಕೊಡುತ್ತದೆ. ಲಿಫ್ಟಿನಲ್ಲಿ ಬಂದಿತ್ತು.

ಸ್ಥಳೀಯ ಆಡಳಿತವೂ ಹಿಂದೆ ಬಿದ್ದಿಲ್ಲ. ಉದ್ಯಾನಗಳಲ್ಲಿ ತೆರೆದ ವ್ಯಾಯಾಮಶಾಲೆ ಎಂದು ಹಳದಿ ಹಸಿರು ಬಣ್ಣದ ಸಲಕರಣೆಗಳು ಬಂದಿವೆ. ಉದ್ಘಾಟನೆಯ ದಿನ ಬಿಳಿ ಪಂಚೆಯ ಗಣ್ಯರು ಒಂದೊಂದರ ಮೇಲೆ ಕುಳಿತು ಎರಡೆರಡು ಸಲ ತೂಗಿದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಬೇರಿಂಗಿಗೆ ಎಣ್ಣೆ ಹಾಕುವುದಕ್ಕೆ ಉದ್ಘಾಟನೆ ಇಲ್ಲವಾದ್ದರಿಂದ ಅದು ನಡೆಯುವುದಿಲ್ಲ. ಮಕ್ಕಳು ಅವನ್ನು ಜೋಕಾಲಿ ಮಾಡಿಕೊಂಡಿದ್ದಾರೆ. ಈ ಇಡೀ ವ್ಯವಹಾರದಲ್ಲಿ ಬುದ್ಧಿ ಬಳಸಿದವರು ಅವರೊಬ್ಬರೇ.

ಹೊಸದಾಗಿ ಶುರು ಮಾಡುವವರಿಗೆ ನಿಜಕ್ಕೂ ಏನು ಬೇಕು ಎಂದು ಕೇಳಿದರೆ ಉತ್ತರ ನಾಚಿಕೆಯಾಗುವಷ್ಟು ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳಿಗೆ ಕೆಲಸ. ಅದರಲ್ಲಿ ಯಾವ ಯಂತ್ರದ ಹೆಸರೂ ಇಲ್ಲ. ನಡಿಗೆ, ಗರಡಿಮನೆಯ ಹಳೆಯ ದಂಡ ಬಸ್ಕಿ, ಬೇಕೆಂದರೆ ಒಂದು ಚಾಪೆ, ಕೆಲವು ನೂರು ರೂಪಾಯಿಯ ರಬ್ಬರ್ ಪಟ್ಟಿ. ಆ ಪಟ್ಟಿಯಿಂದ ಎದೆ, ಬೆನ್ನು, ತೊಡೆ ಎಲ್ಲಕ್ಕೂ ಕೆಲಸ ಕೊಡಬಹುದು, ಮಡಚಿದರೆ ಜೇಬಿನಲ್ಲಿ ಹಿಡಿಸುತ್ತದೆ. ಅದರ ದೊಡ್ಡ ದೋಷ ಅದೇ. ಮನೆಗೆ ಬಂದ ಬೀಗರಿಗೆ ಜೇಬಿನಿಂದ ರಬ್ಬರ್ ತೆಗೆದು ತೋರಿಸಲಾಗುವುದಿಲ್ಲ. ಟ್ರೆಡ್‌ಮಿಲ್ ಆದರೆ ಪಡಸಾಲೆಯ ನಡುವೆ ನಿಂತು ತಾನೇ ಮಾತಾಡುತ್ತದೆ. ಅದೂ ಅಲ್ಲದೆ ಜೀನ್ಸ್ ಹೊಲಿಯುವುದಕ್ಕೆ ದೇಶಕ್ಕೇ ಹೆಸರಾದ ಊರಿನಲ್ಲಿ ಸೊಂಟ ಕರಗಿಸುವ ತುರ್ತು ಯಾರಿಗಿದೆ? ಎರಡಿಂಚು ಹೆಚ್ಚು ಇಟ್ಟು ಹೊಲಿಸಿದರೆ ಆಯಿತು. ಬೆಳಗಿನ ನಡಿಗೆಯವರು ಮೈದಾನಕ್ಕೆ ಎರಡು ಸುತ್ತು ಹಾಕಿ ನೇರವಾಗಿ ಒಗ್ಗರಣೆ ಮಿರ್ಚಿಯ ಬಂಡಿಯ ಮುಂದೆ ಸೇರುವುದನ್ನು ನೋಡಿದರೆ, ಅವರೂ ಇದೇ ನಿರ್ಧಾರಕ್ಕೆ ಬಂದಂತಿದೆ.

ಮೊನ್ನೆ ಮ್ಯಾನೇಜರರು ಯಂತ್ರವನ್ನು ಮಾರಾಟಕ್ಕಿಟ್ಟರು. ಜಾಹೀರಾತಿನ ಮೊದಲ ಸಾಲು: ‘ಬಳಸಿದ್ದೇ ಇಲ್ಲ ಎನ್ನಬಹುದು.’ ಮಾಡದೇ ಬಿಟ್ಟಷ್ಟೂ ಬೆಲೆ ಉಳಿಯುವ ವಸ್ತು ಇದೊಂದೇ ಇರಬೇಕು. ಕೊಪ್ಪಳದಿಂದ ಬಂದ ಗಿರಾಕಿ ಚೌಕಾಸಿ ಮಾಡಿದ್ದು ಬೆಲೆಗಲ್ಲ, ಕೆಳಗೆ ಇಳಿಸುವ ಖರ್ಚು ಯಾರದು ಎಂಬುದಕ್ಕೆ. ಅದೇ ಮೂವರು ಹಮಾಲರು ಬಂದು ಇಳಿಸಿಕೊಟ್ಟರು. ಗಾಡಿ ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಮ್ಯಾನೇಜರರು ಮೊಬೈಲಿನಲ್ಲಿ ಸ್ಪಿನ್ ಬೈಕಿನ ವಿವರ ತೆರೆದು ನನ್ನ ಮುಂದೆ ಹಿಡಿದಿದ್ದರು. ಫ್ಲೈವ್ಹೀಲ್ ಇಷ್ಟು ಕೆಜಿ, ಸೀಟು ಮೇಲೆ ಕೆಳಗೆ ಆಗುತ್ತದೆ, ಕರೆಂಟೇ ಬೇಡವಂತೆ, 200 ಯೂನಿಟ್ಟಿನ ಭಯವಿಲ್ಲ. ಕೂಲಿ ಎಣಿಸಿಕೊಳ್ಳುತ್ತಿದ್ದ ಹಿರಿಯ ಹಮಾಲ ಇದನ್ನು ಕೇಳಿಸಿಕೊಂಡು, ತನ್ನ ಮೊಬೈಲ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋದ.