ಕಾಲೇಜಿನ ಕ್ಲಬ್ಬಿಗೆ ಬಂದವರಿಗೆ ಕ್ರೆಡಿಟ್ ಕೊಡಬೇಕಾ?

ನಾಟಕ ತಂಡ, ಹಕ್ಕಿ ನೋಡುವ ಬಳಗ, ಚೆಸ್ ಕ್ಲಬ್, ಕನ್ನಡ ಸಂಘ. ಇವುಗಳಲ್ಲಿ ತೊಡಗಿದ ವಿದ್ಯಾರ್ಥಿಗಳಿಗೆ ಅಂಕಪಟ್ಟಿಯಲ್ಲಿ ಏನಾದರೂ ಸಿಗಬೇಕೇ, ಬೇಡವೇ? ತುಮಕೂರಿನ ಇಬ್ಬರು ಬರೆದಿದ್ದಾರೆ. ಒಬ್ಬರು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾರೆ, ಅಲ್ಲಿನ ನಾಟಕ ತಂಡವನ್ನೂ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಅವರದೇ ಹಳೆ ವಿದ್ಯಾರ್ಥಿ. ಓದುವಾಗ ಗೆಳೆಯರ ಜೊತೆ ಸೇರಿ ಹಕ್ಕಿ ಬಳಗ ಕಟ್ಟಿದವರು.

ಪರ: ಅಂಕ ಇದ್ದರೆ ಮನೆಯಲ್ಲಿ ಬಿಡುತ್ತಾರೆ

ನಮ್ಮ ನಾಟಕದ ಅಭ್ಯಾಸ ಶುರುವಾಗುವುದು ಸಂಜೆ ನಾಲ್ಕೂವರೆಗೆ. ಕ್ಲಾಸು ಮುಗಿಯಬೇಕು, ರೂಮು ಖಾಲಿಯಾಗಬೇಕು, ಬೆಂಚುಗಳನ್ನು ಗೋಡೆಗೆ ಸರಿಸಬೇಕು. ಅಷ್ಟು ಹೊತ್ತಿಗೆ ಅರ್ಧ ಕಾಲೇಜು ಬಸ್ ಸ್ಟ್ಯಾಂಡಿನಲ್ಲಿರುತ್ತದೆ.

ಒಬ್ಬಳು ಹುಡುಗಿ ಇದ್ದಳು. ಗುಬ್ಬಿ ತಾಲೂಕಿನ ಕಡಬದ ಹತ್ತಿರದ ಹಳ್ಳಿಯವಳು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹತ್ತು ನಿಮಿಷ ನೋಡುವುದು, ಹೊರಡುವುದು. ಒಂದು ದಿನ ಒಳಗಿದ್ದ ಹುಡುಗನೊಬ್ಬ ಮಾತು ಮರೆತು ನಿಂತ. ಇವಳು ಬಾಗಿಲಿಂದಲೇ ಆ ಮಾತು ಎತ್ತಿಕೊಟ್ಟಳು. ಸುಮ್ನೆ ಒಪ್ಪಿಸಿದ್ದಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಇಳಿಸಬೇಕೋ ಅಲ್ಲಿ ದನಿ ಇಳಿಸಿ ಹೇಳಿದಳು. ಎಲ್ಲರೂ ತಿರುಗಿ ನೋಡಿದರು.

"ಒಳಗೆ ಬಾರೇ" ಅಂದೆ. ಅವಳು ವಾಚು ನೋಡಿಕೊಂಡಳು. "ಮೇಡಂ, ಮನೇಲಿ ಏನಂತ ಹೇಳ್ಲಿ? ಕ್ಲಾಸ್ ಇದೆ ಅಂದ್ರೆ ಬಿಡ್ತಾರೆ. ನಾಟಕ ಅಂದ್ರೆ ಬಿಡಲ್ಲ. ಅದಕ್ಕೆ ಮಾರ್ಕ್ಸ್ ಇದೆಯಾ ಅಂತ ಕೇಳ್ತಾರೆ."

ಇಲ್ಲ ಅನ್ನುವುದನ್ನು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಮೂರು ವರ್ಷ ಅವಳು ಬಾಗಿಲಲ್ಲೇ ನಿಂತು ಹೋದಳು. ಇವತ್ತಿಗೂ ಆ ಬಾಗಿಲು ನೋಡಿದರೆ ನನಗೆ ಸಂಕಟವಾಗುತ್ತದೆ.

ಕ್ಲಬ್ಬು ಎಲ್ಲರಿಗೂ ತೆರೆದಿದೆ ಅನ್ನುತ್ತೇವೆ. ನಿಜವಾಗಿ ಉಳಿಯುವವರು ಯಾರು? ಅಶೋಕನಗರದಲ್ಲೋ ಎಸ್‌ಐಟಿ ಬಡಾವಣೆಯಲ್ಲೋ ಮನೆ ಇರುವವರು, ಹಾಸ್ಟೆಲಿನವರು, ಸ್ಕೂಟರ್ ಇರುವ ಹುಡುಗರು. ನಮ್ಮ ಜಿಲ್ಲೆ ದೊಡ್ಡದು, ಹತ್ತು ತಾಲೂಕು. ಶಿರಾ ಇಲ್ಲಿಂದ ಸುಮಾರು 50 ಕಿಲೋಮೀಟರ್, ಪಾವಗಡ ಸುಮಾರು 100. ಗುಬ್ಬಿ, ನಿಟ್ಟೂರು, ಕೊರಟಗೆರೆ ಕಡೆಯಿಂದ ದಿನಾ ಓಡಾಡಿ ಓದುವ ಮಕ್ಕಳು ಎಷ್ಟೊಂದು ಜನ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿದಿದೆ, ಅದು ದೊಡ್ಡ ಉಪಕಾರ. ಆದರೆ ಐದೂವರೆಗೆ ಬಸ್ಸು ಹತ್ತಿ, ಕತ್ತಲಲ್ಲಿ ಇಳಿದು, ಅಲ್ಲಿಂದ ಹಳ್ಳಿಗೆ ನಡೆದು ಹೋಗುವ ಹುಡುಗಿಯ ಬಗ್ಗೆ ಮನೆಯವರಿಗೆ ಇರುವ ದಿಗಿಲು ಫ್ರೀ ಟಿಕೆಟಿನಿಂದ ಹೋಗುವುದಿಲ್ಲ.

ಕ್ರೆಡಿಟ್ ಬಂದರೆ ಏನಾಗುತ್ತದೆ ಗೊತ್ತಾ? ಟೈಮ್ ಟೇಬಲ್‌ನಲ್ಲಿ ಗಂಟೆ ಬರುತ್ತದೆ. ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರ್ ಪೂರ್ತಿ ವಾರಕ್ಕೆ ಎರಡು ಗಂಟೆ ಪ್ರಾಯೋಗಿಕ ಕೆಲಸ. ಅದು ಮಧ್ಯಾಹ್ನ ಎರಡರಿಂದ ನಾಲ್ಕು ಆಗಬಹುದು. ಆಗ ನಾಟಕಕ್ಕೆ ರೂಮು ಬೇಡಿಕೊಂಡು ತಿರುಗಬೇಕಿಲ್ಲ. ಒಬ್ಬ ಅಧ್ಯಾಪಕರ ಕಾರ್ಯಭಾರಕ್ಕೆ ಅದು ಸೇರುತ್ತದೆ. ಇವತ್ತು ನಾನು ಮಾಡುತ್ತಿರುವುದು ನನ್ನ ಖುಷಿಗೆ. ನಾನು ವರ್ಗವಾಗಿ ಹೋದರೆ ಮರುದಿನ ತಂಡ ಇರುವುದಿಲ್ಲ.

ಪ್ರೀತಿ ಇದ್ದವರು ಹೇಗಾದರೂ ಬರುತ್ತಾರೆ ಅನ್ನುವ ಮಾತನ್ನು ನಾನು ತುಂಬಾ ಕೇಳಿದ್ದೇನೆ. ಆ ಮಾತು ಹೇಳುವವರು ಗುಬ್ಬಿ ಕಡೆ ಒಮ್ಮೆ ನೋಡಬೇಕು. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ವೀರಣ್ಣನವರು ಸಣ್ಣ ಹುಡುಗನಾಗಿ ಅಲ್ಲಿ ಸೇರಿ, ಮುಂದೆ ಅದನ್ನು ತಾವೇ ನಡೆಸಿದರು. ರಾಜ್‌ಕುಮಾರ್ ಬೆಳೆದದ್ದು ಆ ಕಂಪನಿಯಲ್ಲಿ. ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಸೇರಿದ್ದೂ ಅಲ್ಲೇ. ಕಾರಂತರನ್ನು ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಅವರಿಗೆಲ್ಲ ಪ್ರೀತಿ ಇರಲಿಲ್ಲವೇ? ಇತ್ತು. ಜೊತೆಗೆ ಊಟ ಇತ್ತು, ಮಲಗಲು ಜಾಗ ಇತ್ತು, ಕೈಗೆ ಸಂಬಳ ಇತ್ತು. ಬಡವರ ಮನೆಯ ಪ್ರತಿಭೆಗೆ ನಿಲ್ಲಲು ಒಂದು ಹಲಗೆ ಬೇಕು. ಕಂಪನಿ ಆ ಹಲಗೆ ಹಾಕಿಕೊಟ್ಟಿತು. ಅದರಿಂದ ಯಾರ ಅಭಿನಯವೂ ಕೆಡಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಎನ್‌ಸಿಸಿ 1948ರಿಂದ ಇದೆ. ಅದರ ಸಿ ಸರ್ಟಿಫಿಕೇಟ್ ಹಿಡಿದವರಿಗೆ ಸೇನೆಗೆ ಅಧಿಕಾರಿಯಾಗಿ ಸೇರಲು ಬೇರೆ ದಾರಿಯೇ ಇದೆ. ಎನ್‌ಎಸ್‌ಎಸ್ 1969ರಿಂದ ಇದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಅದಕ್ಕೂ ಸರ್ಟಿಫಿಕೇಟ್. ವಿಟಿಯು ಅಡಿಯಲ್ಲಿ ಓದುವ ಇಂಜಿನಿಯರಿಂಗ್ ಮಕ್ಕಳು 100 ಆಕ್ಟಿವಿಟಿ ಪಾಯಿಂಟ್ ಗಳಿಸದೆ ಪದವಿ ಪಡೆಯುವ ಹಾಗಿಲ್ಲ. ಪಾಠದ ಹೊರಗಿನ ಕೆಲಸಕ್ಕೂ ಬೆಲೆ ಇದೆ ಅಂತ ಅಷ್ಟು ಕಡೆ ಒಪ್ಪಿದ್ದೇವೆ. ನಮ್ಮ ಬಿ.ಎ. ಹುಡುಗಿ ಮೂರು ತಿಂಗಳು ಒಂದು ಪಾತ್ರಕ್ಕೆ ಬೆವರು ಹರಿಸಿದರೆ ಮಾತ್ರ ಅದು ಹವ್ಯಾಸ, ಅಲ್ವಾ?

ನನ್ನ ಹಳೆ ಶಿಷ್ಯ ಇದಕ್ಕೆ ಏನು ಬರೆಯುತ್ತಾನೆ ಅಂತ ನನಗೆ ಗೊತ್ತು. ಅಂಕಕ್ಕೋಸ್ಕರ ಬರುವವರು ಜಾಸ್ತಿಯಾಗುತ್ತಾರೆ ಅನ್ನುತ್ತಾನೆ. ಆಗಲಿ. ನನ್ನ ಕನ್ನಡ ಕ್ಲಾಸಿಗೆ ಎಲ್ಲರೂ ಪ್ರೀತಿಯಿಂದಲೇ ಬರುತ್ತಾರಾ? ಹಾಜರಿಗೆ ಅಂತ ಬಂದು ಕೂತವರಲ್ಲಿ ಇಬ್ಬರು, ಮೂವರು ಪಂಪನ ಒಂದು ಪದ್ಯ ಕಿವಿಗೆ ಬಿದ್ದು ತಲೆ ಎತ್ತುತ್ತಾರೆ. ಅವರಿಗಾಗಿಯೇ ನಾನು ಪಾಠ ಮಾಡುವುದು. ಕ್ಲಬ್ಬಿನಲ್ಲೂ ಹಾಗೇ ಆಗುತ್ತದೆ.

ರ‍್ಯಾಂಕ್ ಬೇಡ, ನೂರಕ್ಕೆ ಇಷ್ಟು ಅಂತ ಅಳೆಯುವುದೂ ಬೇಡ. ಬಂದು ಕೆಲಸ ಮಾಡಿದವರಿಗೆ ಒಂದು ಕ್ರೆಡಿಟ್, ಅಷ್ಟೇ. ಚೆನ್ನಾಗಿ ನಟಿಸಿದವರಿಗೂ ಪರದೆ ಎಳೆದವರಿಗೂ ಅದೇ ಒಂದು. ಆ ಹುಡುಗಿ ಮನೆಗೆ ಹೋಗಿ "ಹೂಂ, ಮಾರ್ಕ್ಸ್ ಇದೆ" ಅನ್ನುವುದಕ್ಕೆ ಅಷ್ಟು ಸಾಕಿತ್ತು.

ವಿರೋಧ: ಗಂಟೆ ಕೊಡಿ, ಅಂಕ ಬೇಡ

ಮೇಡಂ ಹೇಳಿದ ಹುಡುಗಿ ನನ್ನ ಕ್ಲಾಸಿನವಳೇ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಬಳಗದ ಕಥೆ.

ನಾವು ಏಳು ಜನ. ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಅಮಾನಿಕೆರೆ ಏರಿ ಮೇಲೆ ಸೇರುತ್ತಿದ್ದೆವು. ಏಳು ಜನಕ್ಕೆ ಒಂದೇ ಬೈನಾಕ್ಯುಲರ್. ಒಬ್ಬರ ಕೈಯಿಂದ ಒಬ್ಬರಿಗೆ ಹೋಗುವಾಗ ಪ್ರತಿ ಸಲ ಫೋಕಸ್ ತಿರುಗಿಸಬೇಕು, ಅಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. 200 ಪುಟದ ಒಂದು ನೋಟ್ ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೆವು. ತಾರೀಕು, ಜಾಗ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು, ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂತಿದ್ದೇವೆ. ದೇವರಾಯನದುರ್ಗದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ ಅದು. ಎರಡು ಸಲ ಹೋಗಿ ಬರಿಗೈಲಿ ಬಂದೆವು. ಮೂರನೇ ಸಲ ಕಂಡಿತು, ಹೆಚ್ಚೆಂದರೆ ನಾಲ್ಕು ಸೆಕೆಂಡು. ಬರುವಾಗ ಇಳಿಜಾರಿನಲ್ಲಿ ಏಳೂ ಜನ ಒಟ್ಟಿಗೆ ಮಾತಾಡುತ್ತಿದ್ದೆವು, ಯಾರೂ ಯಾರದ್ದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೊನೆಯ ವರ್ಷ ನಮಗೆ ಒಳ್ಳೆಯದು ಮಾಡಬೇಕು ಅಂತಲೇ ಕಾಲೇಜಿನಲ್ಲಿ ಒಂದು ತೀರ್ಮಾನವಾಯಿತು. ಹಕ್ಕಿ ನೋಡಲು ಬಂದವರಿಗೆ ಇಂಟರ್ನಲ್ಸ್‌ನಲ್ಲಿ ಐದು ಅಂಕ. ಮುಂದಿನ ಭಾನುವಾರ ಏರಿ ಮೇಲೆ ಅರವತ್ತಕ್ಕೂ ಜಾಸ್ತಿ ಜನ. ಮೊದಲು ನಮಗೆ ಖುಷಿಯೇ ಆಯಿತು, ಸುಳ್ಳು ಹೇಳಲ್ಲ. ಆಮೇಲೆ ಗಲಾಟೆಗೆ ಹತ್ತಿರದ ಹಕ್ಕಿಗಳೆಲ್ಲ ಎದ್ದು ಆಚೆ ದಡಕ್ಕೆ ಹೋದವು. ಜಿಯೋ ಟ್ಯಾಗ್ ಫೋಟೊ ಬೇಕು ಅಂದರು, ಎಲ್ಲರೂ ಕೆರೆಗೆ ಬೆನ್ನು ಹಾಕಿ ನಿಂತೆವು. ಸಹಿ ಪುಸ್ತಕ ಕೈಯಿಂದ ಕೈಗೆ ಓಡಿತು. ಏಳು ಗಂಟೆಗೆ ಏರಿ ಖಾಲಿ.

ಅದಕ್ಕಿಂತ ನೋವಾಗಿದ್ದು ಆಮೇಲೆ. ಎಲ್ಲರೂ ಎಣಿಕೆಯ ಹಾಳೆ ಕೊಡಬೇಕಿತ್ತು. ಯಾರೋ ಒಬ್ಬರು ವಾಟ್ಸಾಪ್ ಗ್ರೂಪಿಗೆ ಒಂದು ಹಾಳೆ ಹಾಕಿದರು. ನಲವತ್ತು ಹಾಳೆಯಲ್ಲಿ ಒಂದೇ ಸಾಲು: ಹೆಜ್ಜಾರ್ಲೆ 23. ಆವತ್ತು ಕೆರೆಯಲ್ಲಿ ಒಂದೇ ಒಂದು ಹೆಜ್ಜಾರ್ಲೆ ಇರಲಿಲ್ಲ. ಬರೆದವರನ್ನು ನಾನು ಬೈಯುವುದಿಲ್ಲ. ಐದು ಅಂಕ ಹೋದರೆ ಸ್ಕಾಲರ್‌ಶಿಪ್ಪಿಗೆ ಪೆಟ್ಟು ಬೀಳುವ ಗೆಳೆಯರು ಅವರಲ್ಲಿದ್ದರು. ನಮ್ಮ ಏಳು ಜನರಲ್ಲಿ ಇಬ್ಬರು ಆ ತಿಂಗಳಿಂದ ಬರುವುದನ್ನೇ ಬಿಟ್ಟರು. "ಇದೂ ಕ್ಲಾಸೇ ಆಯ್ತಲ್ಲ ಮಾರಾಯ" ಅಂದ ಒಬ್ಬ.

ಮೇಡಂ ಎರಡು ಬೇರೆ ವಿಷಯಗಳನ್ನು ಒಂದು ಮಾಡಿದ್ದಾರೆ ಅನ್ನಿಸುತ್ತದೆ. ಟೈಮ್ ಟೇಬಲ್‌ನಲ್ಲಿ ಗಂಟೆ ಬೇಕು ಅನ್ನುವುದು ನೂರಕ್ಕೆ ನೂರು ನಿಜ. ಅದಕ್ಕೆ ಅಂಕ ಯಾಕೆ? ಶಾಲೆಯಲ್ಲಿ ಆಟದ ಪೀರಿಯಡ್ ಇರುತ್ತಿತ್ತು. ಅಂಕ ಕೊಡುತ್ತಾರೆ ಅಂತ ನಾವು ಮೈದಾನಕ್ಕೆ ಓಡುತ್ತಿದ್ದೆವಾ? ವಾರದಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ಯಾವ ಪಾಠವನ್ನೂ ಇಡಬೇಡಿ. ರೂಮಿನ ಕೀ ಕೊಡಿ. ನೋಡಿಕೊಳ್ಳುವ ಅಧ್ಯಾಪಕರ ಕಾರ್ಯಭಾರಕ್ಕೆ ಸೇರಿಸಿ. ಇದೆಲ್ಲ ಪ್ರಾಂಶುಪಾಲರು ಮನಸ್ಸು ಮಾಡಿದರೆ ಆಗುವ ಕೆಲಸ.

ಗುಬ್ಬಿ ಕಂಪನಿಯ ಮಾತು ನನಗೂ ಇಷ್ಟವಾಯಿತು. ಆದರೆ ಕಂಪನಿ ಹಾಕಿದ್ದು ಅನ್ನ. ನಟನೆಗೆ ಅಂಕ ಹಾಕುತ್ತಿದ್ದವರು ಟಿಕೆಟ್ ತಗೊಂಡು ಬಂದ ಜನ, ಅವರನ್ನು ಹಾಜರಿ ಪುಸ್ತಕದಿಂದ ಒಪ್ಪಿಸಲು ಆಗುತ್ತಿರಲಿಲ್ಲ. ಹಾಗೇ ಅನ್ನ ಹಾಕಿ, ಬೇಡ ಅಂದವರಾರು? ತಡವಾದ ದಿನ ಹೆಣ್ಣುಮಕ್ಕಳನ್ನು ಊರು ಮುಟ್ಟಿಸುವ ವ್ಯವಸ್ಥೆ ಮಾಡಿ. ನಮಗೆ ಇನ್ನೊಂದು ಬೈನಾಕ್ಯುಲರ್ ಕೊಡಿಸಿ. ಎನ್‌ಎಸ್‌ಎಸ್ ಕೂಡ ನನ್ನ ಮನಸ್ಸಿನಲ್ಲಿ ಉಳಿದಿರುವುದು ಸರ್ಟಿಫಿಕೇಟಿನಿಂದಲ್ಲ. ಏಳು ದಿನದ ಶಿಬಿರದಲ್ಲಿ ಹಳ್ಳಿಯ ಶಾಲೆಯ ನೆಲದ ಮೇಲೆ ಮಲಗಿ, ಸೌದೆ ಒಲೆಯಲ್ಲಿ ಅರವತ್ತು ಜನಕ್ಕೆ ಮುದ್ದೆ ತೊಳಸಿದ್ದರಿಂದ.

ಶಿರಾ ತಾಲೂಕಿನ ಕಗ್ಗಲಡುವಿಗೆ ನಾವು ಎರಡು ಸಲ ಹೋಗಿದ್ದೆವು. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಕೆಳಗೆ ನಿಂತರೆ ತಲೆ ಮೇಲೆ ಹಿಕ್ಕೆ ಬೀಳುತ್ತದೆ, ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಆದರೂ ಊರಿನವರು ಹಕ್ಕಿಗಳನ್ನು ಓಡಿಸುವುದಿಲ್ಲ, ಕಾಯುತ್ತಾರೆ. ನಮಗೆ ಅಲ್ಲೊಬ್ಬ ಅಜ್ಜಿ ಮಜ್ಜಿಗೆ ಕೊಟ್ಟು, "ಹೆರಿಗೆಗೆ ತವರಿಗೆ ಬಂದವೆ ಕಣಪ್ಪ" ಅಂದರು. ನಾನು ಹಕ್ಕಿ ನೋಡುವುದನ್ನು ಕಲಿತದ್ದು ಇಂಥವರಿಂದ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ 1980ರ ದಶಕದ ಕೊನೆಯಲ್ಲಿ ನಿಂತುಹೋಯಿತು. ಆಮೇಲೆ ಓದಿದ ನಮ್ಮಂಥವರಿಗೆ ನಾವೇ ಕೂತು ತೀರ್ಮಾನ ಮಾಡುವ ಜಾಗ ಅಂತ ಇದ್ದದ್ದು ಈ ಕ್ಲಬ್ಬುಗಳೇ. ಕಾರ್ಯದರ್ಶಿಯನ್ನು ಕೈ ಎತ್ತಿ ಆರಿಸುತ್ತಿದ್ದೆವು. ದುಡ್ಡಿನ ಲೆಕ್ಕಕ್ಕೆ ಜಗಳ ಆಡುತ್ತಿದ್ದೆವು. ಮೇಡಂ ಹತ್ತಿರವೂ ವಾದ ಮಾಡಿದ್ದೇವೆ, ಅವರು ನಗುತ್ತಾ ಸೋತಿದ್ದೂ ಇದೆ. ಅವರ ಕೈಯಲ್ಲಿ ನಮ್ಮ ಅಂಕ ಇದ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ಮನೆಯಲ್ಲಿ ಬಿಡುವುದಿಲ್ಲ ಅನ್ನುವ ಮಾತು ಮಾತ್ರ ತುಂಬಾ ಭಾರದ್ದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕಾಲೇಜಿನ ಸೀಲು ಹಾಕಿದ ಒಂದು ಪತ್ರ ಮನೆಗೆ ಹೋದರೆ ಕೆಲವರು ಒಪ್ಪಬಹುದು, ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ. ಆದರೆ ಆ ಹುಡುಗಿ ಮೂರು ವರ್ಷ ಬಾಗಿಲಲ್ಲೇ ನಿಂತು ಹೋದಳು ಅಂತ ಮೇಡಂ ಬರೆದಿದ್ದಾರಲ್ಲ, ಅದರಲ್ಲಿ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಭಾನುವಾರ ಅವಳು ತುಮಕೂರಿಗೆ ಬರುವ ಹಾಗಿರಲಿಲ್ಲ. "ನಿಮ್ಮೂರ ಕೆರೆನೂ ಕೆರೆನೇ ತಾನೇ, ಅಲ್ಲೇ ಎಣಿಸು" ಅಂತ ಖಾಲಿ ಹಾಳೆಗಳನ್ನು ಕೊಟ್ಟೆವು. ಹಸುಗೆ ಹುಲ್ಲು ತರಲು ಹೋದಾಗ ಕಡಬ ಕೆರೆ ಹತ್ತಿರ ನಿಂತು ಎಣಿಸಿಕೊಂಡು, ಸೋಮವಾರ ತಂದು ಕೊಡುತ್ತಿದ್ದಳು. ಎರಡು ವರ್ಷ ಕೊಟ್ಟಳು.

ಆ ನೋಟ್ ಬುಕ್ಕು ಈಗಲೂ ನನ್ನ ಹತ್ತಿರವೇ ಇದೆ. ಅವಳ ಹಾಳೆಗಳನ್ನು ಅದರಲ್ಲೇ ಅಂಟಿಸಿದ್ದೇವೆ. ಒಂದರಲ್ಲಿ ಹೀಗಿದೆ: ಕಡಬ ಕೆರೆ, ಬೆಳಿಗ್ಗೆ 6.40. ನೀರುಕಾಗೆ 31. ಗುಳುಮುಳುಕ 6. ಹೆಜ್ಜಾರ್ಲೆ 4, ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನೆ ಚಿಹ್ನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ತುಂಬಾ ದೂರ ಇತ್ತು. ಬಣ್ಣದ ಕೊಕ್ಕರೆನೂ ಇರಬಹುದು." ಮುಂದಿನ ಭಾನುವಾರ ಅವಳು ಕೆರೆಯ ಆಚೆ ಬದಿಯಿಂದ ಹೋಗಿ ನೋಡಿದ್ದಾಳೆ. ಪ್ರಶ್ನೆ ಚಿಹ್ನೆ ಹೊಡೆದು ಹಾಕಿ, ಹೆಜ್ಜಾರ್ಲೆ ಅನ್ನುವುದನ್ನೂ ಹೊಡೆದು, ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: ಬಣ್ಣದ ಕೊಕ್ಕರೆ, 4.